ಸರ್ ಮೆಚ್ಚಿದ ಅಧ್ಯಾಯ

ಸಿಂದಗಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತ ನಾನು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ, ಅವಕಲ ಸಮೀಕರಣಗಳ ಪರಿಹಾರಗಳು ಅಂಚಿನ ಹತ್ತಿರ ಹೇಗೆ ವರ್ತಿಸುತ್ತವೆ ಎಂಬುದು. ಕೇಳಿದವರಿಗೆ ರೊಟ್ಟಿ ಹಂಚು ತೋರಿಸಿ ಹೇಳುತ್ತಿದ್ದೆ. ಹಂಚಿನ ಅಂಚಿನುದ್ದಕ್ಕೂ ಎಲ್ಲೆಲ್ಲಿ ಎಷ್ಟು ಶಾಖವೆಂದು ಗೊತ್ತಾದರೆ ನಡುವಿನದನ್ನು ಲೆಕ್ಕ ಹಾಕಬಹುದು. ನಡುವೆ ಎಲ್ಲವೂ ನಯವಾಗಿರುತ್ತದೆ. ಆದರೆ ಅಲ್ಲಿಂದ ಅಂಚಿನತ್ತ ಹೊರಟರೆ, ಆ ಲೆಕ್ಕ ಅಂಚಿನ ನಿಜವಾದ ಶಾಖವನ್ನೇ ಮುಟ್ಟುತ್ತದೆಯೇ? ನೇರವಾಗಿ ಹೋದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಮುಟ್ಟುತ್ತದೆ. ಅಂಚನ್ನೇ ಸವರಿಕೊಂಡು ಹೋದರೆ ಖಾತ್ರಿಯಿಲ್ಲ. ಇಂಡಿ ಊರಲ್ಲಿರುವ ನನ್ನ ಅತ್ತೆ ಇದನ್ನೆಲ್ಲ ಪೂರ್ತಿ ಕೇಳಿ, “ಹಂಗಾರ ರೊಟ್ಟಿ ಯಾವಾಗ ಬಡಿತಿ?” ಎಂದಿದ್ದರು.

ನಮ್ಮ ಕಡೆ ಇದನ್ನು ಓದಿ ತಪ್ಪು ಹಿಡಿಯಬಲ್ಲವರು ಒಬ್ಬರೇ, ನಿವೃತ್ತರಾಗಿ ಬಸವನ ಬಾಗೇವಾಡಿಯಲ್ಲಿದ್ದ ನನ್ನ ಗೈಡ್. ರವಿವಾರ ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಿ ಅವರ ಮನೆಗೆ ಹೋಗುತ್ತಿದ್ದೆ. ಸರ್ ಯಾರನ್ನೂ ಹೊಗಳುವವರಲ್ಲ. ತಪ್ಪಿದ್ದಲ್ಲಿ ಪೆನ್ಸಿಲ್ ಗೆರೆ ಎಳೆಯುವರು. ಸರಿಯಿದ್ದರೆ ತುಟಿ ಬಿಚ್ಚದೆ ಹಾಳೆ ಮಗುಚಿಡುವರು. ಹೊಗಳಿಸಿಕೊಂಡವರು ಮತ್ತೊಮ್ಮೆ ಪರೀಕ್ಷಿಸಿ ನೋಡುವುದನ್ನು ಬಿಡುತ್ತಾರೆಂದು ಅವರ ನಂಬಿಕೆ. ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಬಾಯಿಬಿಟ್ಟು ಚೆನ್ನಾಗಿದೆ ಅಂದರೆ ಇವರ ಗಂಟೇನು ಹೋಗುತ್ತದೆ?

ಕಡೆಯ ಅಧ್ಯಾಯ ಬರೆಯುವಾಗ ನನಗೇ ಒಂದು ಅನುಮಾನ ಬಂತು. ಅಂಚು ಚೂಪಾಗಿ ಒಳಕ್ಕೆ ಚುಚ್ಚಿಕೊಂಡಿರುವ ಜಾಗದಲ್ಲಿ ನನ್ನ ಪ್ರಮೇಯ ನಿಲ್ಲುತ್ತದೆಯೋ ಇಲ್ಲವೋ ತಿಳಿಯದು. ಅದು ಬಿದ್ದರೆ ಇಷ್ಟು ವರ್ಷದ ಕೆಲಸವೆಲ್ಲ ನೀರಲ್ಲಿ ಹೋಮ. ಅಷ್ಟರಲ್ಲಿ ಸರ್ ಹೆಂಡತಿ ಫೋನ್ ಮಾಡಿದರು.

“ಸರ್‌ಗೆ ಮರವು ಹೆಚ್ಚಾಗೇತಿ ತಂಗಿ. ಮಂದಿ ಹೆಸರು ನೆನಪಿರೂದಿಲ್ಲ. ಗಣಿತ ಏನೂ ಹೋಗಿಲ್ಲ ಬಿಡು. ಲಗೂ ಬಂದು ತೋರಿಸಿಬಿಡು.”

ಹೋದೆ. ಪಡಸಾಲೆಯಲ್ಲಿ ಕೂತಿದ್ದ ಸರ್ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಮೊದಲನೆಯದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ನಕ್ಕರು.

“ಛಲೋ ಐತಿ ತಂಗಿ. ಭಾಳ ಛಲೋ ಬರದಿ.”

ಪೆನ್ಸಿಲ್ ಹಾಳೆಗೆ ತಾಗಿಯೇ ಇರಲಿಲ್ಲ. ಅನುಮಾನವಿದ್ದ ಹಾಳೆಯನ್ನು ಹುಡುಕಿ ಅವರ ಮುಂದೆ ಹಿಡಿದೆ.

“ಸರ್, ಇಲ್ಲಿ ಅಂಚು ಚೂಪ ಐತ್ರಿ. ಇಲ್ಲಿ ತಪ್ಪೈತೇನ್ರಿ? ಸ್ವಲ್ಪ ನೋಡ್ರಿ.”

ಬೆರಳಿಟ್ಟು ತೋರಿಸಿದ ಕಡೆ ಅವರು ನೋಡಲೇ ಇಲ್ಲ. ಅಳುವ ಮಗುವನ್ನು ಸಮಾಧಾನ ಮಾಡುವಂತೆ ನನ್ನ ಕೈ ತಟ್ಟಿ, “ಎಲ್ಲಾ ಛಲೋನ ಐತಿ” ಎಂದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖ ಅರಳಿತ್ತು. “ನೋಡಿದೇನು? ಇಷ್ಟು ವರ್ಷದಾಗ ಒಬ್ಬರಿಗೂ ಛಲೋ ಅಂದವರಲ್ಲ. ನಿನಗ ಅಂದಾರ!” ಎನ್ನುತ್ತ ಒಳಗೋಡಿ, ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು.

ಪ್ರಮೇಯ ಬಿದ್ದರೆ ಬೀಳಲಿ ಅನ್ನಿಸಿತು. ನನಗೆ ಗೊತ್ತಾದದ್ದು ಈ ತಾಯಿಗೆ ಇನ್ನೂ ಗೊತ್ತಾಗಿರಲಿಲ್ಲ. “ಹೌದ್ರಿ, ನನ್ನ ಪುಣ್ಯಾರಿ” ಎಂದು ಸಕ್ಕರೆ ನುಂಗಿದೆ.