ಮೊದಲು ಇಲ್ಲಿ, ಆಮೇಲೆ ಇಲ್ಲಿ

ನನಗೆ ಬರುತ್ತಿದ್ದ ಜರ್ಮನ್ ಎಂದರೆ ಬರೀ ಕ್ರಿಯಾವಿಶೇಷಣಗಳು. ಹೀಗೆ ಹೇಳಿದರೆ ಜನ ಈಗಲೂ ನಗುತ್ತಾರೆ, ನಗಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಕಾಲೇಜಿನ ರಜೆಗೆಂದು ನಾಸಿಕ್ ರೋಡಿನ ಸೋದರಮಾವನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಮಾವ ತರಬೇತಿಗೆಂದು ಆರು ತಿಂಗಳು ಜರ್ಮನಿಯಲ್ಲಿದ್ದು ಬಂದವರು. ಬರುವಾಗ ಒಂದು ದಪ್ಪ ಕೋಟು ಮತ್ತು ಒಂದು ಸಿದ್ಧಾಂತ ತಂದಿದ್ದರು. ಸಾಮಾನಿನ ಹೆಸರು ಗೊತ್ತಿಲ್ಲದಿದ್ದರೆ ಬೆರಳು ತೋರಿಸಬಹುದು, ಕೆಲಸದ ಹೆಸರು ಗೊತ್ತಿಲ್ಲದಿದ್ದರೆ ಮಾಡಿ ತೋರಿಸಬಹುದು, ಆದರೆ ‘ನಿನ್ನೆ’, ‘ಯಾವಾಗಲೂ’, ‘ಒಮ್ಮೊಮ್ಮೆ’, ‘ಬಹುಶಃ’ ಇವನ್ನು ಯಾವ ಬೆರಳಿನಿಂದ ತೋರಿಸುತ್ತೀ ಎಂದು ಕೇಳುತ್ತಿದ್ದರು. ಆದ್ದರಿಂದ ಮೊದಲು ಅವನ್ನೇ ಕಲಿಯಬೇಕು ಎನ್ನುವುದು ಅವರ ಹಟ.

ನನಗೂ ಆಸೆಯಿತ್ತು. ವೇರೂಳಿನ, ಅಂದರೆ ಎಲ್ಲೋರದ, ಗುಹೆಗಳಲ್ಲಿ ಗೈಡ್ ಆಗಬೇಕು, ಪರದೇಶದವರನ್ನು ಹಿಂದೆ ಕಟ್ಟಿಕೊಂಡು ತಿರುಗಬೇಕು ಎಂದು. ಅಕ್ಕಿ ಆರಿಸುತ್ತ ಬಾಯಿಪಾಠ ಮಾಡಿದೆ. ಹೊಯ್ಟೆ ಎಂದರೆ ಇವತ್ತು, ಗೆಸ್ಟರ್ನ್ ಎಂದರೆ ನಿನ್ನೆ, ಇಮ್ಮರ್ ಎಂದರೆ ಯಾವಾಗಲೂ. ಅತ್ತೆ ಕರೆದರೆ ‘ಯೆಟ್ಸ್ಟ್’, ಈಗ ಬಂದೆ, ಎಂದು ಕೂಗಿ ಕೂತಲ್ಲೇ ಕೂತಿರುತ್ತಿದ್ದೆ. ರಜೆ ಮುಗಿಯುವಾಗ ನಲವತ್ತು ಪದ ಬರುತ್ತಿದ್ದವು. ಒಂದು ವಾಕ್ಯವೂ ಬರುತ್ತಿರಲಿಲ್ಲ.

ಇಷ್ಟನ್ನೇ ಹೊತ್ತು ಔರಂಗಾಬಾದಿಗೆ ವಾಪಸಾದೆ. ಸಂಭಾಜಿನಗರ ಎಂಬ ಹೆಸರು ಆಗ ಇರಲಿಲ್ಲ. ಸ್ಟೇಷನ್ನಿನ ಹತ್ತಿರ ಅಪ್ಪಯ್ಯನ ಸಸ್ಯಾಹಾರಿ ಹೋಟೆಲಿತ್ತು, ಅದರ ಮೇಲೆ ಆರು ಕೋಣೆಗಳ ವಸತಿ. ಅಪ್ಪಯ್ಯ ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದು ಮಾಡಿದ್ದು ಅದು. ಅವರೋ ಕಂಡ ಟಾಂಗಾದವರಿಗೆಲ್ಲ ನಮ್ಮ ಹುಡುಗಿಗೆ ಜರ್ಮನ್ ಬರುತ್ತದೆಂದು ಸಾರಿಬಿಟ್ಟರು. ಬಿಳಿಯ ಮುಖ ಬಾಗಿಲಲ್ಲಿ ಕಂಡರೆ ಸಾಕು, ಯಾರೂ ಹೇಳದಿದ್ದರೂ ಒಳಗೆ ಓಡಿ ಚಟ್ನಿ ರುಬ್ಬಲು ಕೂರುತ್ತಿದ್ದೆ.

ಆ ಚಳಿಗಾಲದಲ್ಲಿ ಬಂದವರು ಐವತ್ತರ ಆಸುಪಾಸಿನ ಒಬ್ಬ ಜರ್ಮನ್ ಹೆಂಗಸು. ಗುಹೆ ನೋಡಲು ಒಬ್ಬರೇ ಬಂದಿದ್ದರು. ಇಂಗ್ಲಿಷ್ ಅವರಿಗೂ ಅಷ್ಟಕ್ಕಷ್ಟೆ, ನಮಗೂ ಅಷ್ಟಕ್ಕಷ್ಟೆ. ಮೊದಲ ದಿನ ಎಲ್ಲೂ ಹೋಗದೆ ನಮ್ಮಲ್ಲೇ ಉಂಡರು, ರಾತ್ರಿ ಅರ್ಧ ಬಿಟ್ಟರು. ಮರುದಿನ ವೇರೂಳಿಗೆ ಹೋದವರು ಮಧ್ಯಾಹ್ನ ಮೂರಕ್ಕೆಲ್ಲ ಮರಳಿ, ಮೆಟ್ಟಿಲ ಮೇಲೇ ವಾಂತಿ ಮಾಡಿಕೊಂಡು ಕೂತುಬಿಟ್ಟರು.

ಅಪ್ಪಯ್ಯನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಹಿಂದಿನ ತಿಂಗಳಷ್ಟೇ ಪೇಟೆಯ ಇನ್ನೊಂದು ಖಾನಾವಳಿಯಲ್ಲಿ ಉಂಡವರಿಗೆ ಹೊಟ್ಟೆ ಕೆಟ್ಟು ಬಾಗಿಲಿಗೆ ಬೀಗ ಬಿದ್ದಿತ್ತು. ಹೆಂಗಸನ್ನು ಅವರ ಕೋಣೆಯಲ್ಲಿ ಮಲಗಿಸಿ ಪಕ್ಕದ ಬೀದಿಯ ಮರಾಠಿ ಡಾಕ್ಟರಿಗೆ ಹೇಳಿಕಳಿಸಿದೆವು. ಡಾಕ್ಟರು ಬರುವ ಹೊತ್ತಿಗೆ ಅಪ್ಪಯ್ಯ ಕಥೆ ಸಿದ್ಧಮಾಡಿಟ್ಟಿದ್ದರು. ವೇರೂಳಿನಲ್ಲಿ ಐಸ್ ಹಾಕಿದ ಕಬ್ಬಿನ ಹಾಲು ಕುಡಿದರಂತೆ, ಅದರಿಂದಲೇ ಹೀಗೆ ಎಂದು. ಅದನ್ನು ಯಾರೂ ನೋಡಿರಲಿಲ್ಲ. ಡಾಕ್ಟರು ತಲೆಯಾಡಿಸಿ, ನೋವು ಯಾವಾಗ ಶುರುವಾಯಿತು ಕೇಳು ಎಂದು ನನ್ನ ಕಡೆ ತಿರುಗಿದರು.

ಪ್ರಶ್ನೆ ಕಟ್ಟಲು ನನಗೆ ಬರುತ್ತಿರಲಿಲ್ಲ. ಹೊಟ್ಟೆ ತೋರಿಸಿ ‘ಹೊಯ್ಟೆ? ಗೆಸ್ಟರ್ನ್?’ ಎಂದೆ. ಆ ಹೆಂಗಸು ಕಣ್ಣು ತೆರೆದು ನನ್ನ ಮುಂಗೈ ಹಿಡಿದುಕೊಂಡರು. ಕೈ ಸುಡುತ್ತಿತ್ತು. ‘ಗೆಸ್ಟರ್ನ್’ ಎಂದರು. ಬೆರಳನ್ನು ಹೊಕ್ಕುಳಿನ ಹತ್ತಿರ ಇಟ್ಟು ‘ತ್ಸುಎರ್ಸ್ಟ್’, ಮೊದಲು ಇಲ್ಲಿ. ಬಲಗಡೆ ಕೆಳಕ್ಕೆ ಸರಿಸಿ ‘ಡಾನ್’, ಆಮೇಲೆ ಇಲ್ಲಿ. ಒಮ್ಮೊಮ್ಮೆಯೋ ಯಾವಾಗಲೂನೋ ಎಂದು ಕೇಳಿದ್ದಕ್ಕೆ ‘ಯೆಟ್ಸ್ಟ್ ಇಮ್ಮರ್’. ಈಗ ಬಿಡದೆ ನೋಯುತ್ತಿದೆ. ಒಂದೊಂದೂ ನನಗೆ ಗೊತ್ತಿದ್ದ ಪದವೇ. ಡಾಕ್ಟರು ಅಷ್ಟು ಹೊತ್ತೂ ಆಚೆ ತಿರುಗಿ ತಮ್ಮ ಪೆಟ್ಟಿಗೆಯಲ್ಲಿ ಏನೋ ಹುಡುಕುತ್ತಿದ್ದರು.

ಡಾಕ್ಟರಿಗೆ ಹೇಳುವ ಮೊದಲು ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳಿದೆ, ನಿನ್ನೆಯಿಂದಲೇ ಉಂಟಂತೆ ಎಂದು. ನಿನ್ನೆ ಅವರು ಉಂಡದ್ದೆಲ್ಲ ನಮ್ಮಲ್ಲೇ. ಅಪ್ಪಯ್ಯ ನನ್ನ ಕಡೆ ನೋಡದೆ, ತುಟಿ ಅಲುಗಿತೋ ಇಲ್ಲವೋ ಎಂಬಂತೆ ಹೇಳಿದರು.

“ಅದೆಲ್ಲ ಹೇಳುವುದು ಬೇಡ. ಇವತ್ತು ಅಂತ ಹೇಳು.”

ಅಪ್ಪಯ್ಯನ ಮಾತಿಗೆ ಎದುರಾಡಿ ನನಗೆ ಅಭ್ಯಾಸವೇ ಇರಲಿಲ್ಲ. ಇವತ್ತೇ ಶುರುವಾಯಿತಂತೆ, ಹೊಟ್ಟೆಯೆಲ್ಲ ನೋವಂತೆ ಎಂದು ಮರಾಠಿಯಲ್ಲಿ ಹೇಳಿದೆ. ಆ ಹೆಂಗಸು ನನ್ನ ಕೈ ಬಿಟ್ಟಿರಲಿಲ್ಲ. ನಾನು ಅವರ ಮಾತನ್ನೇ ತಲುಪಿಸುತ್ತಿದ್ದೇನೆಂದು ನಂಬಿ, ಒಂದೊಂದು ಪದಕ್ಕೂ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಮತ್ತೆಂದೂ ಆಗಿಲ್ಲ.

ಕೆಟ್ಟದ್ದು ಹೊಟ್ಟೆಯಿಂದ ಹೋಗಿಬಿಡಲಿ ಎಂದು ಡಾಕ್ಟರು ಹರಳೆಣ್ಣೆ ತರಿಸಿ ಲೋಟಕ್ಕೆ ಬಗ್ಗಿಸಿದರು. ಅದು ತಪ್ಪು ಮದ್ದೆಂದು ನನಗೆ ಗೊತ್ತಿತ್ತೆ? ಇಲ್ಲ. ಅದನ್ನು ಬಗ್ಗಿಸಿದ್ದು ನನ್ನ ಸುಳ್ಳಿನ ಮೇಲೆ ಎಂಬುದಷ್ಟೇ ಗೊತ್ತಿತ್ತು. ಹೆಂಗಸು ಮೊಣಕೈ ಊರಿ ಎದ್ದು ಲೋಟವನ್ನು ಬಾಯಿಯ ಹತ್ತಿರ ತಂದರು. ಅಪ್ಪಯ್ಯ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು. ನಾನು ಲೋಟವನ್ನು ಕಸಿದುಕೊಂಡೆ. ಎಣ್ಣೆ ಹಾಸಿಗೆಯ ಮೇಲೆಲ್ಲ ಚೆಲ್ಲಿತು.

ನಿನ್ನೆಯಿಂದ ಎಂದೆ. ಮೊದಲು ಇಲ್ಲಿ, ಆಮೇಲೆ ಇಲ್ಲಿ, ಈಗ ಯಾವಾಗಲೂ ಎಂದೆ. ನನ್ನ ಹೊಟ್ಟೆಯ ಮೇಲೇ ಬೆರಳಿಟ್ಟು ತೋರಿಸಿದೆ. ಡಾಕ್ಟರು ಬೈಯಲು ಬಾಯಿ ತೆರೆದವರು ಮುಚ್ಚಿದರು. ಹೆಂಗಸಿನ ಬಲಗಡೆ ಮೆಲ್ಲಗೆ ಒತ್ತಿ ತಟ್ಟನೆ ಕೈ ತೆಗೆದರು. ಆಕೆ ಚೀರಿದ್ದು ಕೆಳಗೆ ಗಲ್ಲಾದವರೆಗೂ ಕೇಳಿತಂತೆ. ಆಮೇಲಿನದೆಲ್ಲ ಗಡಿಬಿಡಿ. ಟ್ಯಾಕ್ಸಿಯಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿ ಒಂದು ಗಂಟೆಯೊಳಗೆ ಅಪೆಂಡಿಕ್ಸ್ ಆಪರೇಷನ್ ಶುರುಮಾಡಿದರು.

ನಾನೂ ಅಪ್ಪಯ್ಯನೂ ಹೊರಗೆ ಕಾದೆವು. ಅವರು ಬೆಂಚಿನ ಮೇಲೆ, ನಾನು ದೂರದ ಕಂಬದ ಹತ್ತಿರ. ಜೀವಕ್ಕೆ ಭಯವಿಲ್ಲ ಎಂದು ಹೇಳಲು ಹೊರಬಂದ ಸರ್ಜನ್, ಹರಳೆಣ್ಣೆ ಹೊಟ್ಟೆಗೆ ಹೋಗಿದ್ದರೆ ಅಪೆಂಡಿಕ್ಸ್ ಒಳಗೇ ಒಡೆಯುತ್ತಿತ್ತು, ಉಳಿಸುವುದು ಕಷ್ಟವಾಗುತ್ತಿತ್ತು ಎಂದರು. ಅವರು ಹೋದಮೇಲೆ ಅಪ್ಪಯ್ಯ ನಾನು ನಿಂತ ಕಂಬದ ಕಡೆ ತಿರುಗಿದರು. ನನಗೆ ಬೈಗುಳದ್ದೇ ಭಯ.

“ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ?” ಎಂದರು.

“ನೀವು ಬೇಡ ಅಂದ್ರಲ್ಲ ಅಪ್ಪಯ್ಯ.”

“ಒಂದು ಜೀವ ಹೋಗುವಷ್ಟು ಹೆದರಿಕೆ ಉಂಟಾ ನಿನಗೆ ನನ್ನದು?”

ಇಲ್ಲ ಎನ್ನಬಹುದಿತ್ತು. ಆದರೆ ಆ ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು. “ಉಂಟು” ಎಂದೆ.

ಅಪ್ಪಯ್ಯ ಬೆಂಚಿನ ತುದಿಗೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು. ನಾನು ಕೂರಲು ಸ್ವಲ್ಪ ಹೊತ್ತು ಹಿಡಿಯಿತು.