ಕುಂಕುಮವಿಲ್ಲದ ಕ್ಯಾಮೆರಾ

ಯಲ್ಲಾಲಿಂಗನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಕುರ್ಲಾದ ಕನ್ನಡ ಸಂಘದವರು ಕೇಳಿದಾಗ ಕೂಡಲೇ ಒಪ್ಪಿಕೊಂಡೆ. ಅವನನ್ನು ನನ್ನಷ್ಟು ಬಲ್ಲವರು ಇಲ್ಲ. ಅವನನ್ನು ಕಂಡು ನನ್ನಷ್ಟು ಹೊಟ್ಟೆ ಉರಿದುಕೊಂಡವರೂ ಇಲ್ಲ. ಈ ಎರಡನೆಯದು ಸಂಘದವರಿಗೆ ಗೊತ್ತಿಲ್ಲ. ಓದುವವರು ತೂಗಿ ನೋಡಿಕೊಳ್ಳಲಿ ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ.

ನನ್ನ ಹೆಸರು ಶ್ರೀಮಂತ. ಅಪ್ಪ ಇಟ್ಟ ಹೆಸರು. ಅದಕ್ಕೆ ತಕ್ಕಂತೆ ಬೇರೇನನ್ನೂ ಅವನು ಬಿಟ್ಟುಹೋಗಲಿಲ್ಲ. ಕುರ್ಲಾ ಸ್ಟೇಷನ್ನಿನಿಂದ ಏಳು ನಿಮಿಷದ ಹಾದಿಯಲ್ಲಿ ನನ್ನ ಸ್ಟುಡಿಯೋ ಇದೆ. ಆಳಂದ, ಅಫಜಲಪುರ, ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತ ನಮ್ಮ ಜನರ ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಎಲ್ಲದರ ಫೋಟೋ ಇಪ್ಪತ್ತು ವರ್ಷ ನಾನೇ ತೆಗೆದೆ. ಫೋಟೋ ಎಂದರೆ ಶ್ರೀಮಂತಣ್ಣ ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಅದು ನನ್ನ ಜಹಗೀರು ಅನ್ನಿಸಿಬಿಟ್ಟಿತ್ತು.

ಯಲ್ಲಾಲಿಂಗನ ತಾಯಿ ದೇವಕ್ಕ. ಗಂಡ ತೀರಿಕೊಂಡ ಮೇಲೆ ಘಾಟ್‌ಕೋಪರ್, ಚೆಂಬೂರ್ ಕಡೆಯ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಗಾರೆ ಹೊತ್ತು ಮಗನನ್ನು ಸಾಕಿದವಳು. ಅವನು ಫೋರ್ಟ್ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದ. ಅಲ್ಲಿಯ ಕ್ಯಾಮೆರಾ ಅಂಗಡಿಗಳ ಗಾಜಿನ ಮುಂದೆ ನಿಂತು ನಿಂತು ಹುಚ್ಚು ಹಿಡಿಸಿಕೊಂಡ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಹೋಟೆಲು ಬಿಟ್ಟು ನನ್ನ ಸ್ಟುಡಿಯೋಗೆ ಬಂದು ಬಾಗಿಲಲ್ಲಿ ನಿಂತ.

"ಅಣ್ಣಾ, ಲೈಟ್ ಹಿಡೀಲಾಕರ ಇಟ್ಕೋ ನನಗ."

ನಾಲ್ಕು ವರ್ಷ ಹಿಡಿದ. ಲೈಟನ್ನು ನೇರವಾಗಿ ಮುಖಕ್ಕೆ ಹೊಡೆಯಬಾರದು, ಬಿಳಿ ಚಾದರಕ್ಕೆ ಹೊಡೆದು ಮೆಲ್ಲಗೆ ಮುಖದ ಮೇಲೆ ಬೀಳಿಸಬೇಕು ಎಂದು ಕಲಿಸಿದವನು ನಾನು. ಆಮೇಲೆ ಅವನು ಫೋರ್ಟಿನಿಂದಲೇ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡು, ಬೇರೆ ಕಡೆ ಎಲ್ಲೂ ಹೋಗದೆ, ನೇರ ನನ್ನ ಹತ್ತಿರ ತಂದ. ನಮ್ಮವರಲ್ಲಿ ಒಂದು ರೂಢಿಯಿದೆ. ಹೊಲಿಗೆ ಮಷಿನ್ ಆಗಲಿ ರಿಕ್ಷಾ ಆಗಲಿ, ಮನೆಗೆ ಬಂದ ಸಾಮಾನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯದೆ ಕೆಲಸಕ್ಕೆ ಹಚ್ಚುವುದಿಲ್ಲ. ನಮ್ಮ ಕಸುಬಿನಲ್ಲಿ, ಕೆಲಸ ಕಲಿಸಿದವನ ಕೈಯಿಂದಲೇ ಕ್ಯಾಮೆರಾಕ್ಕೆ ಕುಂಕುಮ ಹಚ್ಚಿಸಬೇಕು, ಮೊದಲ ಫೋಟೋ ಅವನದೇ ತೆಗೆಯಬೇಕು. ಅಂದು ಹಚ್ಚಿದೆ. ಅವನು ನನ್ನ ಫೋಟೋ ತೆಗೆದ. ಮನಸ್ಸು ತುಂಬಿ ಹರಸಿದೆ, ಅದು ಸುಳ್ಳಲ್ಲ.

ಆದರೆ ಹರಸುವಾಗ ಇವನು ಇಷ್ಟು ಬೆಳೆಯುತ್ತಾನೆ ಎಂದು ಯಾರಿಗೆ ಗೊತ್ತಿತ್ತು? ನನ್ನ ಆಲ್ಬಮ್ಮಿನಲ್ಲಿ ಜನ ತಮ್ಮ ಸೀರೆ, ಒಡವೆ ನೋಡಿಕೊಳ್ಳುತ್ತಿದ್ದರು. ಅವನ ಆಲ್ಬಮ್ಮಿನಲ್ಲಿ ಅಳುತ್ತಿದ್ದರು. ಮಗಳ ಮದುವೆಯ ದಿನ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕುಳಿತು ತಾಂಬೂಲದ ಚೀಲ ಕಟ್ಟುವ ತಾಯಿ ಅವನ ಕಣ್ಣಿಗೆ ಬೀಳುತ್ತಿದ್ದಳು, ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದೊಂದೇ ಮದುವೆ ನನ್ನ ಕೈಬಿಟ್ಟು ಅವನ ಕಡೆ ಹೋಯಿತು. ಲೇಬರ್ ಕಾಂಟ್ರಾಕ್ಟರ್ ಶೆಟ್ಟೆಪ್ಪ ತನ್ನ ಮಗಳು ಮಹಾದೇವಿಯ ಮದುವೆಯನ್ನೂ ಅವನಿಗೇ ಕೊಟ್ಟಾಗ ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಶೆಟ್ಟೆಪ್ಪ ಯಾರನ್ನು ಕರೆಯುತ್ತಾನೋ ಅವನನ್ನೇ ನಮ್ಮ ಉಳಿದ ಜನವೂ ಕರೆಯುತ್ತದೆ. ಆ ಮದುವೆ ಹೋದರೆ ಎಲ್ಲ ಹೋದಂತೆ.

ಹೋದ ವರ್ಷ ಫೆಬ್ರವರಿಯಲ್ಲಿ ನೆಹರು ನಗರದ ಒಂದು ಮದುವೆ ಹಾಲಿನಲ್ಲಿ ಕುಬಸವಿತ್ತು. ನಾನು ಉಣ್ಣಲು ಹೋಗಿದ್ದೆ, ಅವನು ಫೋಟೋ ತೆಗೆಯಲು ಬಂದಿದ್ದ. ಕೊರಳಲ್ಲಿ ಹೊಸ ಕ್ಯಾಮೆರಾ. ಕಂಪನಿಯ ಹೆಸರು ಇರುವ ಕಡೆಯೆಲ್ಲ ಕರಿ ಪಟ್ಟಿ ಅಂಟಿಸಿದ್ದ.

"ಯಾವ ಕಂಪನಿದೋ ಇದು?" ಎಂದೆ.

"ಹೇಳಂಗಿಲ್ಲ ಅಣ್ಣಾ."

"ಎಲ್ಲಿ ತಗೊಂಡಿ?"

"ಅದೂ ಹೇಳಂಗಿಲ್ಲ. ಸಿಟ್ಟಾಗಬ್ಯಾಡ."

ನಾನು ಕೈ ಚಾಚಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ. ನಾಲ್ಕು ವರ್ಷ ನಾನು ಕೇಳಿದ್ದನ್ನು ಇಲ್ಲ ಎನ್ನದವನು. ಆಗ ಕ್ಯಾಮೆರಾವನ್ನು ಸರಿಯಾಗಿ ನೋಡಿದೆ. ಅದಕ್ಕೆ ಕುಂಕುಮವಿರಲಿಲ್ಲ. ಅರಿಶಿನದ ಒಂದು ಚುಕ್ಕೆಯೂ ಇರಲಿಲ್ಲ. ನನ್ನ ಹತ್ತಿರ ತಂದೂ ಇರಲಿಲ್ಲ. ಪೂಜೆ ಮಾಡದ ಸಾಮಾನನ್ನು ನಮ್ಮವರು ಯಾರು ಬಳಸುತ್ತಾರೆ? ಕದ್ದ ಮಾಲು ಕೊಂಡವನು ಮಾತ್ರ. ಈ ಯೋಚನೆ ಬಂದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾಚಿಕೆಯ ಮಾತು, ಆದರೆ ಆದದ್ದು ಹಾಗೆಯೇ.

ಅದೇ ಸಂಜೆ ಶೆಟ್ಟೆಪ್ಪನ ಜೊತೆ ಚಹಾ ಕುಡಿದೆ. ಕಳವು ಎಂಬ ಮಾತನ್ನು ನಾನು ಆಡಲೇ ಇಲ್ಲ. ಅಷ್ಟು ಜಾಣತನ ನನಗಿದೆ.

"ಹೆಸರಿನ ಮ್ಯಾಲ ಪಟ್ಟಿ ಯಾಕ ಹಚ್ಯಾನೋ ಏನೋ," ಎಂದೆ. "ಕುಂಕುಮ ಸೈತ ಇಲ್ಲ ನೋಡ್ರಿ ಅದಕ್ಕ. ನಮ್ಮ ಹುಡುಗ, ನಾ ಏನೂ ಅನ್ನಂಗಿಲ್ಲ. ಮದುವಿ ದಿನ ಹಾಲಿಗೆ ಪೊಲೀಸರು ಬರದಿದ್ರ ಸಾಕು."

ಶೆಟ್ಟೆಪ್ಪ ಮರ್ಯಾದೆಗೆ ಅಂಜುವ ಮನುಷ್ಯ. ಒಂದೇ ವಾರದಲ್ಲಿ ಮಹಾದೇವಿಯ ಮದುವೆ ನನ್ನದಾಯಿತು. ಯಲ್ಲಾಲಿಂಗನಿಗೆ ಮಾರ್ಚಿನಲ್ಲಿದ್ದ ಇನ್ನೆರಡು ಮದುವೆಗಳೂ ತಪ್ಪಿದವು. ನಾನು ಶೆಟ್ಟೆಪ್ಪನ ಮನೆಯಲ್ಲಿ ಮೆಲ್ಲಗೆ ಆಡಿದ ಮಾತು ದೇವಕ್ಕನ ಸಾಲುಮನೆಗಳ ಚಾಳಿನ ನಳದ ಹತ್ತಿರ ದೊಡ್ಡದಾಗಿ ಕೇಳಿಸಿತು. ಕೊಡ ಹಿಡಿದು ನಿಂತವಳಿಗೆ ಹೆಂಗಸರು, "ನಿನ್ನ ಮಗ ಆ ಕ್ಯಾಮೆರಾ ಎಲ್ಲಿಂದ ಎಬ್ಬಿಸ್ಯಾನ?" ಎಂದು ಕೇಳಿದರಂತೆ. ಅವಳು ಅಂದಿನಿಂದ ಎಲ್ಲರ ನೀರು ಮುಗಿದ ಮೇಲೆ ನಳಕ್ಕೆ ಹೋಗತೊಡಗಿದಳು. ಅಷ್ಟು ಹೊತ್ತಿಗೆ ನೀರು ಸಣ್ಣಗಾಗಿರುತ್ತಿತ್ತು. ಯಲ್ಲಾಲಿಂಗ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. ಸ್ಟೇಷನ್ನಿನಲ್ಲಿ ಸಿಕ್ಕರೆ ಮೊದಲಿನಂತೆ "ಶರಣ್ರೀ ಅಣ್ಣಾ" ಎನ್ನುತ್ತಿದ್ದ. ತಪ್ಪು ಮಾಡಿದವನು ಸುಮ್ಮನಿರುತ್ತಾನೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಏಪ್ರಿಲ್‌ನಲ್ಲಿ ನನ್ನ ಮೊಬೈಲಿಗೆ ಒಂದು ಆಮಂತ್ರಣ ಬಂತು. ದೊಡ್ಡ ಕ್ಯಾಮೆರಾ ಕಂಪನಿಯೊಂದು ದಾದರಿನ ಹಾಲಿನಲ್ಲಿ ಹೊಸ ಕ್ಯಾಮೆರಾ ಬಿಡುಗಡೆ ಮಾಡುತ್ತಿತ್ತು. ಆರಿಸಿದ ಫೋಟೋಗ್ರಾಫರುಗಳಿಗೆ ಮಾತ್ರ ಪ್ರವೇಶ, ಕೆಳಗೆ ನನ್ನ ಹೆಸರು. "ಇಪ್ಪತ್ತು ವರ್ಷದ ಮ್ಯಾಲ ಕಣ್ಣು ತೆರೆದಾರ," ಎಂದು ಹೆಂಡತಿ ರಂಜನಾಳಿಗೆ ಹೇಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡೆ.

ಹಾಲಿನ ತುಂಬ ನಮ್ಮಂಥವರೇ. ವಿರಾರ್, ಕಲ್ಯಾಣ್, ಪನ್ವೇಲ್ ಎಲ್ಲ ಕಡೆಯ ಮದುವೆ ಫೋಟೋದವರು, ತಮ್ಮ ತಮ್ಮ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಒಂದು ಮೂಲೆಯಲ್ಲಿ ಬಾಡಿಗೆಯ ಮದುಮಗಳಿಗೆ ಅರಿಶಿನ ಹಚ್ಚಿ ಕೂರಿಸಿದ್ದರು, ಹೊಸ ಕ್ಯಾಮೆರಾ ಹಿಡಿದು ನೋಡುವವರಿಗಾಗಿ. ಲೈಟು ಎಷ್ಟು ಚೆನ್ನಾಗಿ ಹಾಕಿದ್ದರೆಂದರೆ ಕುರುಡ ತೆಗೆದರೂ ಫೋಟೋ ಬರಬೇಕು. ನಾನು ಕಚೋರಿ ಬಾಯಿಗೆ ಹಾಕಿಕೊಳ್ಳುವಾಗ ವೇದಿಕೆಯ ಮೇಲೆ ಯಲ್ಲಾಲಿಂಗ ಬಂದು ನಿಂತ.

ಕೊರಳಲ್ಲಿ ಅದೇ ಕ್ಯಾಮೆರಾ. ಕಂಪನಿಯ ಹುಡುಗನೊಬ್ಬ ಎಲ್ಲರ ಎದುರು ಕರಿ ಪಟ್ಟಿಯನ್ನು ಮೆಲ್ಲಗೆ ಸುಲಿದ. ಹೆಸರು ಕಾಣಿಸಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಪರದೆಯ ಮೇಲೆ, ಎರಡು ಆಳೆತ್ತರಕ್ಕೆ, ದೇವಕ್ಕ. ಚಾಳಿನ ಹೊಸ್ತಿಲಲ್ಲಿ ಖಾಲಿ ಕೊಡ ಮಗ್ಗುಲಿಗಿಟ್ಟುಕೊಂಡು ಕುಳಿತಿದ್ದಾಳೆ. ಗಾರೆ ತಿಂದ ಬೆರಳು ಒಂದೊಂದೂ ಕಾಣುತ್ತದೆ. ಮುಖದ ಮೇಲೆ ಮೆಲ್ಲಗೆ ಬಿದ್ದ ಬೆಳಕು ಬಿಳಿ ಚಾದರದ್ದು, ನನಗೆ ಗೊತ್ತು. ನಾನು ಇಪ್ಪತ್ತು ವರ್ಷದಲ್ಲಿ ಅಂಥ ಒಂದು ಫೋಟೋ ತೆಗೆದಿಲ್ಲ.

ಯಲ್ಲಾಲಿಂಗ ಹಿಂದಿಯಲ್ಲಿ ಮಾತಾಡಿದ. ಈ ಕ್ಯಾಮೆರಾದಲ್ಲಿ ಮಾರ್ಚಿನ ಎರಡು ಮದುವೆ ತೆಗೆಯಬೇಕಿತ್ತು, ಅವು ಕೈತಪ್ಪಿದವು, ಆದ್ದರಿಂದ ಅವ್ವನನ್ನು ತೆಗೆದೆ ಎಂದ. "ಬೆಳಕು ಹಿಡಿಯುವುದನ್ನು ಕಲಿಸಿದವರು ಶ್ರೀಮಂತ ಅಣ್ಣ. ಅಲ್ಲಿ ಕುಳಿತಿದ್ದಾರೆ," ಎಂದು ಕೈ ತೋರಿಸಿದ. ಇನ್ನೂರು ಜನ ತಿರುಗಿ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ಜನ ಅದನ್ನು ನಮಸ್ಕಾರ ಎಂದುಕೊಂಡರು.

ಆಮೇಲೆ ಪಟ್ಟಿ ಸುಲಿದ ಹುಡುಗ ನನ್ನ ಬಳಿ ಬಂದ. ಹೆಸರು ಅನುರಾಗ್.

"ನಮ್ ಫಾದರ್ ಮೈಸೂರು ಸರ್. ನನಗೆ ಕನ್ನಡ ಥೋಡಾ ಥೋಡಾ," ಎಂದು ನಕ್ಕ. ನಾನು ಕೇಳದಿದ್ದರೂ ತನ್ನ ಕಸುಬಿನ ಗುಟ್ಟು ಹೇಳಿದ. "ಸ್ಟಾರ್ ಫೋಟೋಗ್ರಾಫರ್‌ಗೆ ಕ್ಯಾಮೆರಾ ಕೊಟ್ರೆ ಎಲ್ಲಾ ವಾವ್ ಅಂತಾರೆ, ಮನೆಗೆ ಹೋಗಿ ಮಲಗ್ತಾರೆ. ನಿಮ್ ಬಾಜೂನವರಿಗೆ ಕೊಟ್ರೆ ನಿಮಗೆ ನಿದ್ದೆ ಬರಲ್ಲ. ಬುಕ್ ಮಾಡ್ತೀರ. ಟೇಪ್ ಕೂಡ ಅದಕ್ಕೇ ಸರ್. ಹೆಸರು ಮುಚ್ಚಿದ್ರೆ ಜನ ಜ್ಯಾದಾ ಮಾತಾಡ್ತಾರೆ."

"ನನ್ನ ಹೆಸರು ನಿಮಗೆ ಯಾರು ಕೊಟ್ಟರು?"

"ಯಲ್ಲಾಲಿಂಗ್ ಸರ್. ಮೂವತ್ತು ನೇಮ್ ಕೇಳಿದ್ವಿ. ನಿಮ್ದೇ ಫಸ್ಟ್ ಇತ್ತು."

ಎರಡು ತಿಂಗಳು ಆ ಕ್ಯಾಮೆರಾದ ಬಗ್ಗೆ ಊರೆಲ್ಲ ಮಾತಾಡಿಸಿದವನು ನಾನು. ಕಂಪನಿಯವರು ನನಗೆ ಸಂಬಳ ಕೊಡಬೇಕಿತ್ತು. ಅನುರಾಗ್ ಕ್ಯಾಮೆರಾವನ್ನು ನನ್ನ ಕೈಗಿಟ್ಟ. ಎಂಥ ಕ್ಯಾಮೆರಾ ಅದು. ಅಂಗೈಯಲ್ಲಿ ಬೆಣ್ಣೆಯಂತೆ ಕೂತಿತು. ಎದುರು ಬಂದು ನಿಂತ ಯಲ್ಲಾಲಿಂಗನ ಕಣ್ಣನ್ನು ಅದು ತಾನೇ ಹುಡುಕಿ ಹಿಡಿದುಕೊಂಡಿತು, ನಾನು ಎತ್ತ ತಿರುಗಿಸಿದರೂ ಬಿಡಲಿಲ್ಲ. ಆ ಕಣ್ಣನ್ನು ನೋಡಲಾಗದೆ ಕ್ಯಾಮೆರಾ ಮರಳಿಸಿ ಲೋಕಲ್ ರೈಲು ಹಿಡಿದೆ. ಬುಕಿಂಗ್ ಮಾಡಲಿಲ್ಲ. ಆದರೆ ಅವರು ಕೊಟ್ಟ ಬುಕಿಂಗ್ ಕಾಗದ ಈಗಲೂ ನನ್ನ ಜೇಬಿನಲ್ಲಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಶೆಟ್ಟೆಪ್ಪನ ಮನೆಗೆ ಹೋದೆ. ಕ್ಯಾಮೆರಾ ಕಂಪನಿಯದೇ, ನನ್ನ ಅನುಮಾನ ತಪ್ಪು ಎಂದು ಹೇಳಿ, ಮದುವೆಯನ್ನು ಅವನಿಗೇ ಮರಳಿ ಕೊಡಿ ಎಂದೆ.

ಶೆಟ್ಟೆಪ್ಪ ಚಹಾದ ಬಸಿ ಕೆಳಗಿಟ್ಟ. "ನಿನ್ನೆ ರಾತ್ರಿನೇ ಫೋನ್ ಮಾಡಿದ್ದೆ ಅವಗ. ಮೊಬೈಲ್ ತುಂಬ ಅವರವ್ವನ ಫೋಟೋನೇ ಅದ ಅಲ್ಲ. ಮದುವಿ ನೀನೇ ಮಾಡಪ್ಪಾ ಅಂದೆ. 'ಅಣ್ಣಗ ಕೊಟ್ಟದ್ದು ಕಸಗೋಬ್ಯಾಡ್ರಿ' ಅಂದ."

ಯಲ್ಲಾಲಿಂಗ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ದಿನ ಅವನ ಕೈಗುಣಕ್ಕೆ ಉರಿಯುತ್ತಿದ್ದೆ, ಆಮೇಲೆ ಕ್ಯಾಮೆರಾಕ್ಕೆ ಉರಿದೆ. ಈಗ ಅವನ ಗುಣಕ್ಕೂ ಉರಿಯಬೇಕಾಯಿತು.

ಮೇ ತಿಂಗಳಲ್ಲಿ ಮಹಾದೇವಿಯ ಮದುವೆ. ನಾನು ಹಾಲಿನ ಪಕ್ಕದ ಕೋಣೆಯಲ್ಲಿ ನನ್ನ ಹಳೆಯ ಕ್ಯಾಮೆರಾ ಒರೆಸುತ್ತಿದ್ದಾಗ ಯಲ್ಲಾಲಿಂಗ ತಾಯಿಯ ಜೊತೆ ಬಂದ. ಕೈಚೀಲದಿಂದ ತೆಂಗಿನಕಾಯಿ, ಕುಂಕುಮದ ಪೊಟ್ಟಣ, ಆಮೇಲೆ ಆ ಕ್ಯಾಮೆರಾ ತೆಗೆದು ನನ್ನ ಮುಂದಿಟ್ಟ.

"ಈಗ ಇದು ನಂದಾತು ಅಣ್ಣಾ, ಕಂಪನಿಯವ್ರು ಕೊಟ್ಟುಬಿಟ್ರು. ಆಗ ಅದಕ್ಕ ಕುಂಕುಮದ ಕಲಿ ಹತ್ತಬಾರದು, ಯಾರಿಗೂ ಹೇಳಬಾರದು ಅಂತ ಕಾಗದಕ್ಕ ಸೈ ಮಾಡ್ಸಿಕೊಂಡಿದ್ರು. ಅದಕ್ಕ ನಿನ್ನ ಹತ್ರ ತರಲಿಲ್ಲ. ಕುಂಕುಮ ಹಚ್ಚು."

ಕುಂಕುಮದಲ್ಲಿ ಬೆರಳು ಅದ್ದಿದೆ. ಕೈ ಮುಂದೆ ಹೋಗಲಿಲ್ಲ.

"ಕಳವಿಂದು ಅಂತ ಸುದ್ದಿ ಎಬ್ಬಿಸಿದವ ನಾನೇ," ಎಂದೆ.

"ಗೊತ್ತದ ಅಣ್ಣಾ. ಹಚ್ಚು, ಮದುವಿ ಅಕ್ಕಿಕಾಳಿಗೆ ಹೊತ್ತಾಗ್ತದ."

ಆದರೆ ದೇವಕ್ಕ ಮಗನಂತಲ್ಲ. ಬಾಗಿಲಿಗೆ ಒರಗಿ ನಿಂತಿದ್ದವಳು ನನ್ನನ್ನೇ ನೋಡಿ ಹೇಳಿದಳು:

"ಇಲ್ಲಿ ನಾಕು ಗ್ವಾಡಿ ನಡುವ ಹೇಳಿದ್ರ ಏನ್ ಬಂತು, ಶ್ರೀಮಂತಾ? ನನಗ ಅಂದವರು ನಳದ ಹತ್ರ ಅಂದಾರ. ಅಲ್ಲಿ ಬಂದು ಹೇಳು."

ಹೇಳುತ್ತೇನೆ ಎಂದೆ. ಕುಂಕುಮ ಹಚ್ಚಿದೆ, ಕಾಯಿ ಒಡೆದೆ. ರೂಢಿಯಂತೆ ಅವನು ಮೊದಲ ಫೋಟೋ ನನ್ನದೇ ತೆಗೆದ. ಅದು ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ರಂಜನಾ ನೋಡಿ, "ಭಾಳ ಚಲೋ ಬಂದದ. ಆದ್ರ ಯಾಕ ಯಾರದೋ ತಾಟಿನ ಕಡೆ ನೋಡಿದಂಗ ನೋಡ್ಲಾಕತ್ತೀರಿ?" ಎಂದಳು. ಅಷ್ಟು ಒಳ್ಳೆಯ ಕ್ಯಾಮೆರಾ ಅದು.

ನಳಕ್ಕೆ ಇನ್ನೂ ಹೋಗಿಲ್ಲ. ಮೂರು ಸಲ ಚಾಳಿನ ಬಾಗಿಲತನಕ ಹೋಗಿ ಮರಳಿದೆ. ಸಂಘದವರು ಬರೆಯಲು ಹೇಳಿದಾಗ ಬದುಕಿದೆ ಎಂದುಕೊಂಡೆ, ಬಾಯಿಂದ ಬಾರದ್ದು ಕೈಯಿಂದ ಬರುತ್ತದೆ, ಅಚ್ಚಾದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು. ಇಲ್ಲಿಯತನಕ ಬರೆದ ಮೇಲೆ ಹೊಳೆಯಿತು. ದೇವಕ್ಕನಿಗೆ ಓದು ಬರುವುದಿಲ್ಲ. ನಳದ ಹೆಂಗಸರಿಗೂ ಬರುವುದಿಲ್ಲ. ನಾಳೆ ಬೆಳಿಗ್ಗೆ ನೀರು ಬರುವ ಹೊತ್ತಿಗೆ ಈ ಹಾಳೆ ಹಿಡಿದುಕೊಂಡು ಹೋಗಿ ನಾನೇ ಓದಬೇಕು.