ಅಜ್ಜಿಯ ತಡವಾದ ಇದ್ದತ್

ಸೌದಿಯ ಅಲ್ ಖೋಬರ್‌ನಲ್ಲಿ ವಾರವಿಡೀ ದುಡಿಯುವುದಕ್ಕಿಂತ ಶುಕ್ರವಾರ ಕಳೆಯುವುದೇ ನನಗೆ ಕಷ್ಟ. ಜುಮಾ ನಮಾಜು ಮುಗಿಸಿ, ಮಲಯಾಳಿ ಹೋಟೆಲಿನಲ್ಲಿ ಉಂಡು ಬರುವಷ್ಟರಲ್ಲಿ ರೂಮಿನ ಉಳಿದವರು ಗೊರಕೆ ಹೊಡೆಯುತ್ತಿರುತ್ತಿದ್ದರು. ನನಗೋ ಹಗಲು ನಿದ್ದೆ ಹತ್ತುವುದಿಲ್ಲ. ಎಸಿಯ ಸದ್ದು ಕೇಳುತ್ತಾ ಕೂರಬೇಕು, ಇಲ್ಲವೇ ಸಮುದ್ರದ ಬದಿಗೆ ಹೋಗಿ, ಹೆಂಡತಿ ಮಕ್ಕಳೊಡನೆ ಬಂದವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಬೇಕು. ತೊಂಬತ್ತರ ದಶಕದ ನಡುವಿನ ಮಾತಿದು. ಊರಿನಲ್ಲಿ ನನಗೊಬ್ಬಳು ಮಗಳು ಹುಟ್ಟಿದ್ದಳು. ಅವಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದೆ.

ಆಗ ಮಾತಿಗೆ ಸಿಗುತ್ತಿದ್ದವರು ಒಬ್ಬರೇ. ನಮ್ಮ ಕಂಪೆನಿಯ ಸ್ಟೋರಿನಲ್ಲಿದ್ದ, ನನಗಿಂತ ತುಂಬಾ ಹಿರಿಯರಾದ, ಮಲೇಷ್ಯಾದ ತಮಿಳರು. ಅವರ ತಮಿಳು, ನನ್ನ ಮನೆಮಾತು ಬ್ಯಾರಿ ಎರಡೂ ಸೇರಿ ಹೇಗೋ ಹರಟೆ ಸಾಗುತ್ತಿತ್ತು. ಒಂದು ಶುಕ್ರವಾರ ಅವರು ತಮ್ಮ ತಂದೆಯ ವಿಷಯ ಹೇಳಿದರು. ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೈನ್ಯ ಮಲಯಾದ ಕೂಲಿಯವರನ್ನು ಹಿಡಿದು, ರೈಲುಹಳಿ ಹಾಕಲು ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಕಾಡಿಗೆ ಸಾಗಿಸಿತ್ತು. ತಂದೆ ಅಲ್ಲೇ ತೀರಿಕೊಂಡರಂತೆ. ಈಗ ಅಂಥ ಮನೆಗಳವರೆಲ್ಲ ಸೇರಿ ಪರಿಹಾರ ಕೇಳುತ್ತಿದ್ದಾರೆ, ತಮ್ಮ ಅಣ್ಣ ಅದಕ್ಕಾಗಿ ಓಡಾಡುತ್ತಿದ್ದಾರೆ ಎಂದರು.

ನಾನು ಚಹಾದ ಲೋಟ ಕೆಳಗಿಟ್ಟೆ. ನನ್ನ ಅಜ್ಜ, ಅಂದರೆ ಉಮ್ಮನ ತಂದೆ, ಮಲಯಾದ ಪಿನಾಂಗಿಗೆ ಹೋಟೆಲ್ ಕೆಲಸಕ್ಕೆಂದು ಹೋದವರು. ಆಗ ಉಮ್ಮ ತೊಟ್ಟಿಲಿನಲ್ಲಿದ್ದರು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಒಬ್ಬರು, ಅಜ್ಜನನ್ನು ರೈಲುಹಳಿಯ ಕೆಲಸಕ್ಕೆ ಲಾರಿ ಹತ್ತಿಸಿದ್ದನ್ನು ಕಂಡೆ ಎಂದಿದ್ದರು. ಸತ್ತದ್ದನ್ನು ಕಂಡವರಿಲ್ಲ. ಹಾಗಾಗಿ ಅಜ್ಜಿ ಇದ್ದತ್ ಕೂರಲೇ ಇಲ್ಲ. ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಬಿಳಿ ಬಟ್ಟೆ ಉಟ್ಟು, ಒಡವೆ ಬಿಚ್ಚಿಟ್ಟು, ಮನೆಯೊಳಗೆ ಕೂರಬೇಕು. "ಸುದ್ದಿಯೇ ಬರ್ಲಿಲ್ಲ, ನಾನ್ಯಾಕೆ ಕೂರುವುದು?" ಎಂದು ಅಜ್ಜಿ ಬಣ್ಣದ ಸೀರೆ, ಕೈತುಂಬ ಬಳೆಯಲ್ಲೇ ಮುದುಕಿಯಾದರು. ಊರವರು ಹಿಂದಿನಿಂದ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ, ಅಜ್ಜಿಯ ಬಾಯಿ ಅಂಥದ್ದು.

ಸತ್ತವನ ಹೆಂಡತಿ ಬದುಕಿದ್ದರೆ ಭಾರತದವರ ಹೆಸರನ್ನೂ ಸೇರಿಸಬಹುದು ಎಂದು ಆ ಹಿರಿಯರು ವಿಚಾರಿಸಿ ತಿಳಿಸಿದರು. ಗಂಡ ಅಲ್ಲಿ ಸತ್ತದ್ದು ಹೌದೆಂದು ಆಕೆ ವಕೀಲರ ಮುಂದೆ ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಬೇಕು. ಗಡುವು ಹತ್ತಿರದಲ್ಲೇ ಇತ್ತು. ನನಗೆ ಆವೇಶ ಬಂತು. ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಪರಿಹಾರ ಸಿಕ್ಕಿದರೆ ಊರಿನಲ್ಲೊಂದು ಅಂಗಡಿ ಹಾಕಿ ಈ ರೂಮಿನಿಂದ ಪಾರಾಗಬಹುದಿತ್ತು. ಆದರೆ ಸಿಟ್ಟೂ ನಿಜವಾದದ್ದೇ. ಮನುಷ್ಯರನ್ನು ದನಗಳ ಹಾಗೆ ಲಾರಿಗೆ ತುಂಬಿಸಿದವರು ಅವರ ಮನೆಯವರಿಗೆ ಒಂದು ಮಾತಾದರೂ ಹೇಳಬೇಡವೇ?

ಅಂದೇ ಸಂಜೆ ಟೆಲಿಫೋನ್ ಕ್ಯಾಬಿನಿನ ಸಾಲಿನಲ್ಲಿ ನಿಂತೆ. ಊರಿನ ಮನೆಗೆ ಆಗಷ್ಟೇ ಫೋನು ಬಂದಿತ್ತು. ಉಮ್ಮ ಎತ್ತಿದರು.

"ಅಜ್ಜ ತೀರಿಹೋಗಿದ್ದಾರೆ ಅಂತ ಅಜ್ಜಿ ವಕೀಲರ ಹತ್ರ ಹೇಳ್ಬೇಕು ಉಮ್ಮ. ಇಲ್ಲಿ ಒಬ್ಬರಿಗೆ ಆ ಕತೆಯೆಲ್ಲ ಗೊತ್ತುಂಟು. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಬರ್ಲೇ ಇಲ್ವಂತೆ."

ಉಮ್ಮ "ಅಜ್ಜಿಗೆ ಹೇಳ್ತೇನೆ" ಎಂದರು. ಇನ್ನಷ್ಟು ಬಿಡಿಸಿ ಹೇಳೋಣವೆಂದರೆ ಹಿಂದಿದ್ದವನು "ಯಲ್ಲಾ, ಯಲ್ಲಾ" ಎಂದು ಗಾಜು ಬಡಿಯುತ್ತಿದ್ದ.

ಸೌದಿಯಿಂದ ಬಂದ ಫೋನೆಂದರೆ ನಮ್ಮೂರಿನಲ್ಲಿ ಖಚಿತ ಸುದ್ದಿ. ಎಷ್ಟೋ ಮನೆಗಳಿಗೆ ಮರಣದ ಸುದ್ದಿ ಬಂದಿದ್ದೂ ಹಾಗೆಯೇ. ಅದು ನನಗೆ ಹೊಳೆಯಲಿಲ್ಲ.

ಮುಂದಿನ ಶುಕ್ರವಾರ ಫೋನು ಮಾಡಿ, ವಕೀಲರ ಹತ್ತಿರ ಹೋದಿರಾ ಎಂದು ಕೇಳಿದೆ.

"ಎಲ್ಲಿಗೆ ಹೋಗುವುದು ಮಾರಾಯ? ಅಜ್ಜಿ ಇದ್ದತ್ ಕೂತಿದ್ದಾರೆ. ನೀನು ಫೋನ್ ಮಾಡಿದ ದಿನವೇ ಕೂತರು. ಸುದ್ದಿ ಬಂತಲ್ಲ ಅಂತ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ರು. ಮಸೀದಿಯಲ್ಲಿ ಅಜ್ಜನ ಹೆಸರಲ್ಲಿ ಮಯ್ಯಿತ್ ನಮಾಜೂ ಆಯ್ತು."

"ಹಾಗಾದ್ರೆ ವಕೀಲರನ್ನೇ ಮನೆಗೆ ಕರೆಸುವ."

"ಇದ್ದತ್ ಕೂತವರ ಎದುರು ಪರಗಂಡಸು ಬರ್ಲಿಕ್ಕುಂಟಾ? ನಿನಗೆ ಎಂತ ಆಗಿದೆ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಸತ್ತನೆಂದು ಒಪ್ಪಿದರೆ ಮಾತ್ರ ಅರ್ಜಿ. ಒಪ್ಪಿದವರು ಮನೆ ಬಿಟ್ಟು ಹೊರಡುವಂತಿಲ್ಲ. ಇದ್ದತ್ ಮುಗಿಯುವಷ್ಟರಲ್ಲಿ ಗಡುವು ದಾಟಿಹೋಯಿತು. ಮಲೇಷ್ಯಾದವರ ಅರ್ಜಿಗೂ ನಾನು ಅಲ್ಲಿರುವ ತನಕ ಉತ್ತರ ಬರಲಿಲ್ಲ. ಆ ಶುಕ್ರವಾರ ಸಂಜೆಯೇ ಸ್ಟೋರಿನ ಹಿರಿಯರಿಗೆ ವಿಷಯ ಹೇಳಿದ್ದೆ. ಅವರು, "ನಮ್ಮಮ್ಮನಿಗೂ ಅಪ್ಪನ ತಿಥಿ ಯಾವ ದಿನ ಮಾಡುವುದೆಂದು ಗೊತ್ತಿರಲಿಲ್ಲ" ಎಂದರು.

ಆದರೆ ಅಂದು ಫೋನು ಇಡುವ ಮೊದಲು ಇನ್ನೊಂದು ಮಾತು ನಡೆದಿತ್ತು. ಒಳಗಿನ ಕೋಣೆಯಿಂದ ಅಜ್ಜಿಯ ದನಿ ಕೇಳಿತು. ಅವರು ಎದ್ದು ಬರಲಿಲ್ಲ. ಉಮ್ಮ ಹೋಗಿ ಕೇಳಿಕೊಂಡು ಬಂದರು.

"ಕೊನೆಗೆ ಬಾಯಿಗೆ ನೀರು ಬಿಡ್ಲಿಕ್ಕೆ ಹತ್ತಿರ ಯಾರಾದ್ರೂ ಇದ್ರಾ ಅಂತ ಕೇಳ್ತಿದ್ದಾರೆ. ನಿನಗೆ ಹೇಳಿದವರಿಗೆ ಗೊತ್ತಿರ್ಬೇಕಲ್ಲ ಅಂತ."

ಇದ್ದರು ಎನ್ನಬಹುದಿತ್ತು. ನಾಲಗೆ ಹೊರಳಲಿಲ್ಲ. "ಗೊತ್ತಿಲ್ಲ ಉಮ್ಮ" ಎಂದೆ.

ಉಮ್ಮ ಮತ್ತೆ ಒಳಗೆ ಹೋದರು. ಮರಳಿ ಬಂದು ಫೋನೆತ್ತಿಕೊಂಡರು.

"ಗೊತ್ತಿಲ್ಲ ಅಂದ್ರೆ ಯಾರೂ ಇರ್ಲಿಲ್ಲ ಅಂತಲೇ ಅರ್ಥ, ಅಂದ್ರು. ನೀನೂ ಅಲ್ಲಿ ಒಬ್ಬನೇ ಇರ್ಬೇಡ, ಬಂದುಬಿಡು ಅಂತ ಹೇಳ್ಬೇಕಂತೆ."

ಪಾಸ್‌ಪೋರ್ಟ್ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಬಳಿ ಇತ್ತು, ಅವನು ಕೊಡದೆ ಹೊರಡುವಂತಿರಲಿಲ್ಲ. ರಜೆ ಇನ್ನೂ ದೂರವಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಬರ್ತೇನೆ ಅಂತ ಹೇಳಿ" ಎಂದೆ.